ಗಿಡದ ನೆನಪು, ಚೀಲದ ಲೆಕ್ಕ

ಪ್ರಶ್ನೆ: ಟೀಚರ್, ಬಿ.ಎಸ್ಸಿ. ಓದುತ್ತಿರುವ ನನ್ನ ಮಗಳಿಗೆ ‘ವ್ಯತ್ಯಾಸ ಸಮೀಕರಣ’ ಅಂತ ಒಂದು ಪಾಠ ಇದೆ. ನಮ್ಮ ಅರೇಬಿಕಾ ಕಾಫಿ ಫಸಲನ್ನೂ ಅದರಲ್ಲಿ ಲೆಕ್ಕ ಹಾಕಬಹುದು ಅನ್ನುತ್ತಾಳೆ. ನಮ್ಮಲ್ಲಿ ಒಂದು ವರ್ಷ ಗಿಡ ಬಗ್ಗುವಷ್ಟು ಕಾಯಿ, ಮರುವರ್ಷ ಕುಯಿಲಿನ ಕೂಲಿಗೂ ಸಾಲದು. ಇದಕ್ಕೂ ಗಣಿತಕ್ಕೂ ಏನು ಸಂಬಂಧ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮಗಳು ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲನ್ನು ಮಳೆ ನುಂಗುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಭಾಗಮಂಡಲದಲ್ಲಿ ಹೊಳೆ ಏರುವುದು ಕ್ಷಣಕ್ಷಣಕ್ಕೂ. ಅದಕ್ಕೆ ಅವಕಲ ಸಮೀಕರಣ, ಅಂದರೆ ಎಡೆಬಿಡದ ಬದಲಾವಣೆಯನ್ನು ಹಿಡಿಯುವ ಸೂತ್ರ, ಬೇಕು. ಕಾಫಿ ಹಾಗಲ್ಲ, ಕುಯಿಲು ವರ್ಷಕ್ಕೊಂದೇ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುವಲ್ಲಿ, ಈ ಸಲದ ಅಂಕಿಯಿಂದ ಮುಂದಿನ ಸಲದ್ದನ್ನು ಹೊರಡಿಸುವ ಸೂತ್ರವೇ ವ್ಯತ್ಯಾಸ ಸಮೀಕರಣ. ಬ್ಯಾಂಕಿನ ಚಕ್ರಬಡ್ಡಿಯೂ ಅದೇ ಜಾತಿ.

ಅರೇಬಿಕಾ ಕಾಯಿ ಕಚ್ಚುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ಈ ವರ್ಷ ಹೊರೆ ಹೆಚ್ಚಾದರೆ ಗಿಡದ ಶಕ್ತಿಯೆಲ್ಲ ಕಾಯಿಗೇ ಹೋಗಿ ಹೊಸ ಕೊಂಬೆ ಬಡವಾಗುತ್ತದೆ. ವಿರಾಜಪೇಟೆ ಕಡೆಯ ನಮ್ಮ ತುಂಡು ತೋಟಕ್ಕೆ ನಾನು ಹೊಂದಿಸಿಕೊಂಡ ಸೂತ್ರ ಹೀಗಿದೆ: ಮುಂದಿನ ವರ್ಷದ ಚೀಲ = 90 − 0.8 × ಈ ವರ್ಷದ ಚೀಲ. 70ರಿಂದ ಹೊರಟರೆ 34, 63, 40, 58... ತೂಗುಯ್ಯಾಲೆ ನಿಧಾನಕ್ಕೆ ತಣ್ಣಗಾಗಿ 50ರ ಹತ್ತಿರ ಬರುತ್ತದೆ. ಆ 0.8 ಅನ್ನುವುದು ಗಿಡ ಹಳೆಯ ಹೊರೆಯನ್ನು ಎಷ್ಟು ನೆನಪಿಟ್ಟುಕೊಂಡಿದೆ ಎಂಬುದರ ಅಳತೆ. ಅದು 1 ಆಗಿ, ಸೂತ್ರದ 90ರ ಜಾಗದಲ್ಲಿ 100 ಬಂದರೆ 70, 30, 70, 30: ಉಯ್ಯಾಲೆ ನಿಲ್ಲುವುದೇ ಇಲ್ಲ. ಹೊತ್ತಿಗೆ ಸರಿಯಾಗಿ ಗಿಡ ಕಸಿ ಮಾಡಿ (ಅಂದರೆ ಬೇಡದ ಕೊಂಬೆ ಸವರಿ), ಚಿಗುರು ತೆಗೆದು, ಗೊಬ್ಬರ ಕೊಟ್ಟು ಅದನ್ನು 0.4ಕ್ಕೆ ಇಳಿಸಿದಿರಿ ಅನ್ನಿ. 90ರ ಜಾಗದಲ್ಲಿ 70 ಇದ್ದರೆ ಫಸಲು 70, 42, 53, 49. ನಮ್ಮ ಮಾವ ಸೂತ್ರ ಕಂಡವರಲ್ಲ, ಆದರೆ ಕಸಿ ಕತ್ತಿ ಕೈಯಲ್ಲಿ ಹಿಡಿದು ಅವರು ಮಾಡುತ್ತಿದ್ದುದು ಇದನ್ನೇ.

ವಿಜ್ಞಾನಿಗಳು ಈ ಗಣಿತವನ್ನು ವರ್ಷಕ್ಕೊಂದೇ ಪೀಳಿಗೆಯ ಹುಳುಗಳ ಮೇಲೂ ಬಳಸಿದ್ದಾರೆ. ಆಸ್ಟ್ರೇಲಿಯಾ ಮೂಲದ ವಿಜ್ಞಾನಿ ರಾಬರ್ಟ್ ಮೇ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ ಸೂತ್ರ ನೋಡಿ: ಮುಂದಿನ ಸಲದ ಅಂಕಿ = ಈ ಸಲದ ಅಂಕಿ × (1 − ಅದೇ ಅಂಕಿ) × ಒಂದು ಗುಣಕ. ಇಲ್ಲಿ ಅಂಕಿ ಅಂದರೆ ಹುಳುಗಳ ಸಂಖ್ಯೆ ಗರಿಷ್ಠದ ಎಷ್ಟು ಪಾಲು ಎಂಬುದು, 0 ಮತ್ತು 1ರ ನಡುವೆ. ಗುಣಕ 2.5 ಆದರೆ 0.2, 0.4, 0.6, 0.6... ಅಲ್ಲೇ ನಿಂತಿತು. 3.2 ಆದರೆ ಕೊನೆಗೆ 0.51, 0.80 ಎಂದು ಎರಡರ ನಡುವೆ ಓಡಾಟ, ನಿಮ್ಮ ತೋಟದ ಹಾಗೆ. 4 ಮಾಡಿದರೆ? 0.2ರಿಂದ ಒಮ್ಮೆ, 0.201ರಿಂದ ಒಮ್ಮೆ ಶುರು ಮಾಡಿ. ಎಂಟನೇ ಮೆಟ್ಟಿಲಿಗೆ ಒಂದು 0.40, ಇನ್ನೊಂದು 0.13! ನಾನು ಮೊದಲು ಹಾಕಿದಾಗ ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದುಕೊಂಡು ಸೆಲ್ ಬದಲಾಯಿಸಿದ್ದೆ.

ಹಾಗಾಗಿ ‘ಸೂತ್ರ ಸಿಕ್ಕಿತು, ಹತ್ತು ವರ್ಷದ ಫಸಲು ಹೇಳಿಬಿಡುತ್ತೇನೆ’ ಅಂತ ಮಗಳು ಹೊರಟರೆ ಸ್ವಲ್ಪ ತಡೆಯಿರಿ. ಮನೆಯ ಹಳೆಯ ಕುಯಿಲು ಪುಸ್ತಕ ಅವಳ ಕೈಗೆ ಕೊಟ್ಟು ನಿಮ್ಮ ತೋಟದ ಅಂಕಿ 0.8 ಬರುತ್ತದೋ 0.6ಓ ನೋಡಲು ಹೇಳಿ. ಪಕ್ಕದಲ್ಲಿ ಯಾರಾದರೂ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಇಂಚು ಬಿತ್ತು ಅಂತ ಬರೆದಿಟ್ಟಿದ್ದರೆ ಅದನ್ನು ಬಿಡಬೇಡಿ. ನಾನು ಮೊದಲು ಹೇಳಿದ ಕಾಲು ಪಾಲು ಅಲ್ಲೇ ಇದೆ.