ಅರ್ಧ ಮಾತ್ರೆಯ ಲೆಕ್ಕ

ಪ್ರಿಯ ಓದುಗರೇ,

ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗಿ ಸೋಲುವ ರೋಗ) ಇರುವ ನಿಮ್ಮ ತಂದೆಯವರು ರಾತ್ರಿಯಿಡೀ ಎಚ್ಚರವಾಗಿರುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ ಎಂದು ಬರೆದಿದ್ದೀರಿ. ತಾಯಿಯವರಿಗೆ ಹಿಂದೆ ಬರೆದುಕೊಟ್ಟಿದ್ದ ಡಯಾಜೆಪಾಮ್ ಎಂಬ ಮಂಪರು ತರುವ ಮಾತ್ರೆ ಮನೆಯಲ್ಲಿ ಉಳಿದಿದೆ, ಅರ್ಧ ಮಾತ್ರೆ ಕೊಡಬಹುದೇ ಎಂಬುದು ನಿಮ್ಮ ಪ್ರಶ್ನೆ.

ಕೊಡಬೇಡಿ.

ನಾನು ವೈದ್ಯನಲ್ಲ. ಆದರೂ ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ನಿಮ್ಮ ಪತ್ರದಲ್ಲೇ ಇದೆ. ರಾತ್ರಿ ಹಗಲಾಗಿ ಹಗಲು ರಾತ್ರಿಯಾಗುವುದು ಬರಿಯ ನಿದ್ರಾಹೀನತೆ ಆಗಿರಬೇಕಿಲ್ಲ. ಸೋತ ಲಿವರ್ ಅಮೋನಿಯಾದಂಥ ವಿಷವಸ್ತುಗಳನ್ನು ರಕ್ತದಿಂದ ತೆಗೆಯಲಾಗದೆ ಅವು ಮಿದುಳನ್ನು ಮಂಕಾಗಿಸುವ ಸ್ಥಿತಿಯ ಮೊದಲ ಸೂಚನೆಯೂ ಆಗಿರಬಹುದು. ಅದರ ಮೇಲೆ ನಿದ್ರೆಮಾತ್ರೆ ಬಿದ್ದರೆ ಮಂಕು ಪ್ರಜ್ಞಾಹೀನತೆಗೆ ಜಾರಬಹುದು. ಮನೆಯವರು ಮಾತ್ರ ‘ಅಂತೂ ಮಲಗಿದರಲ್ಲ’ ಎಂದು ಸಮಾಧಾನಪಟ್ಟುಕೊಂಡಿರುತ್ತಾರೆ!

ಅರ್ಧ ಮಾತ್ರೆಯಾದರೂ ಲೆಕ್ಕ ಸರಿಹೋಗುವುದಿಲ್ಲ. ಡಯಾಜೆಪಾಮನ್ನು ಒಡೆಯಬೇಕಾದದ್ದು ಇದೇ ಲಿವರ್. ಅದು ಒಡೆದ ಮೇಲೆ ಹುಟ್ಟುವ ವಸ್ತುವೂ ಮಂಪರು ತರುವಂಥದ್ದೇ. ನಿನ್ನೆಯದು ಕರಗುವ ಮೊದಲೇ ಇಂದಿನದು ಸೇರುತ್ತದೆ. ಬೇಗ ಕರಗುತ್ತದೆಂದು ಹೆಸರಾದ ಝೋಲ್ಪಿಡೆಮ್ ಎಂಬ ನಿದ್ರೆಮಾತ್ರೆ ಕೂಡ ಆರೋಗ್ಯವಂತರ ರಕ್ತದಲ್ಲಿ ಎರಡು-ಎರಡೂವರೆ ಗಂಟೆಯಲ್ಲಿ ಅರ್ಧಕ್ಕಿಳಿದರೆ, ಸಿರೋಸಿಸ್ ರೋಗಿಗಳಲ್ಲಿ ಸುಮಾರು 10 ಗಂಟೆ ತೆಗೆದುಕೊಳ್ಳುತ್ತದೆ. ಡಯಾಜೆಪಾಮಿನ ಗುಂಪಿಗೇ ಸೇರಿದ ಲೊರಾಜೆಪಾಮ್ ಬೇರೆ ದಾರಿಯಲ್ಲಿ ವಿಲೇವಾರಿಯಾಗುವುದರಿಂದ ಅನಿವಾರ್ಯವಾದಾಗ ವೈದ್ಯರು ಅದನ್ನು ಆರಿಸುವುದುಂಟು. ಮಿದುಳು ಆಗಲೇ ಮಂಕಾಗಿದ್ದರೆ ಅದೂ ನಿರಪಾಯವಲ್ಲ. ನೆಗಡಿ, ತುರಿಕೆಗೆಂದು ಕೊಳ್ಳುವ ಹಳೆಯ ಕಾಲದ ಅಲರ್ಜಿ ಮಾತ್ರೆಗಳೂ ಮಂಪರು ತರುತ್ತವೆ ಎಂಬುದನ್ನು ಮರೆಯುತ್ತೇವೆ.

ಒಂದು ವೇಳೆ ತಂದೆಯವರು ಬಹುಕಾಲದಿಂದ ನಿದ್ರೆಮಾತ್ರೆ ನುಂಗುತ್ತಿದ್ದರೆ ಅದನ್ನು ನೀವಾಗಿ ತಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು.

ಮುಂದಿನ ತಿಂಗಳ ಎಂಡೋಸ್ಕೋಪಿಯ ಭಯವನ್ನೂ ಹೇಳಿದ್ದೀರಿ. ಅಲ್ಲಿ ಮಂಪರು ಕೊಡುವವರು ಉಸಿರು, ಆಮ್ಲಜನಕವನ್ನು ಕಣ್ಣಿಟ್ಟು ನೋಡುತ್ತಿರುತ್ತಾರೆ. ಸಿರೋಸಿಸ್ ಇದ್ದವರಿಗೆ ಮಿಡಜೋಲಾಮ್ ಎಂಬ ಮಂಪರು ಮದ್ದಿಗಿಂತ ಬೇಗ ಇಳಿಯುವ ಪ್ರೊಪೊಫಾಲ್ ಎಂಬ ಮದ್ದನ್ನು ಸಾಮಾನ್ಯವಾಗಿ ಇಷ್ಟಪಡುತ್ತಾರೆ. ರೋಗದ ವಿಷಯವನ್ನೂ ನುಂಗುವ ಎಲ್ಲ ಮಾತ್ರೆಗಳ ಹೆಸರನ್ನೂ ಮೊದಲೇ ತಿಳಿಸಿ.

ಈಗ ಒಂದು ಕೆಲಸ ಮಾಡಿ. ತಂದೆಯವರಿಗೆ ಎರಡೂ ಕೈ ಮುಂದೆ ಚಾಚಿ, ಅಂಗೈಯಿಂದ ಯಾರನ್ನೋ ತಡೆಯುವಂತೆ ಮಣಿಕಟ್ಟನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿ. ಕೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುತ್ತವೆಯೇ? ಒಂದು ಸಹಿ ಹಾಕಿಸಿ, ಹಳೆಯ ಸಹಿಯ ಪಕ್ಕದಲ್ಲಿಟ್ಟು ಅದು ಕೆಟ್ಟಿದೆಯೇ ನೋಡಿ. ಮಲಬದ್ಧತೆ, ಜ್ವರ, ಕಪ್ಪು ಮಲ ಇವೆಯೇ ಎಂದು ಕೇಳಿ. ಏನೂ ಕಾಣದಿದ್ದರೂ ನಿದ್ರೆ ತಲೆಕೆಳಗಾದ ಸಂಗತಿಯನ್ನು ನಾಳೆಯೇ ಅವರ ವೈದ್ಯರಿಗೆ ಹೇಳಿ. ಇವುಗಳಲ್ಲಿ ಒಂದು ಕಂಡರೂ, ಮಾತು ತೊದಲಿದರೂ, ಎಬ್ಬಿಸಿದರೆ ಏಳದಿದ್ದರೂ ನಾಳೆಗೆ ಕಾಯದೆ ಈ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.

— ಸಂಪಾದಕ