ಅಪ್ಪ ಹೋದ ಮೇಲೆ ಪಿಎಂ ಕಿಸಾನ್ ಯಾರಿಗೆ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ ಶುರುವಿನಿಂದಲೂ ಪಿಎಂ ಕಿಸಾನ್ ದುಡ್ಡು ಬರುತ್ತಿತ್ತು. ಅವರು 2022ರಲ್ಲಿ ತೀರಿಕೊಂಡರು. ಮೂರು ಎಕರೆ ಹೊಲದ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಉಳುಮೆ ಮಾಡುವವನು ನಾನು. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಟ್ಯಾಕ್ಸ್ ಕಟ್ಟುತ್ತಾನೆ. ನನಗೆ ದುಡ್ಡು ಬರುತ್ತಾ ಸರ್? ಅಪ್ಪ ಹೋದ ಮೇಲೂ ಅವರ ಖಾತೆಗೆ ಎರಡು ಕಂತು ಬಿದ್ದಿವೆ. ತೆಗೆದುಕೊಳ್ಳಬಹುದಾ?

ಉತ್ತರ: ಬರುತ್ತೆ. ಆದರೆ ಈಗಿರುವ ಪಹಣಿಯಲ್ಲಿ ಬರಲ್ಲ.

ಈ ಯೋಜನೆಗೆ ಹೊಲದಲ್ಲಿ ಬೆವರು ಸುರಿಸುವವರು ಯಾರು ಅನ್ನೋದು ಬೇಕಿಲ್ಲ, ಪಹಣಿಯಲ್ಲಿ ಹೆಸರು ಯಾರದು ಅನ್ನೋದಷ್ಟೇ ಬೇಕು. ಕೋರಿಗೆ (ಬೆಳೆಯಲ್ಲಿ ಪಾಲಿಗೆ), ಗುತ್ತಿಗೆಗೆ ಮಾಡುವವರಿಗೆ ಇದರಿಂದ ಒಂದು ಪೈಸೆಯೂ ಇಲ್ಲ. ನನಗಂತೂ ಇದು ಸರಿ ಕಾಣಲ್ಲ. ಆದರೆ ನಿಯಮ ಹಾಗಿದೆ.

ಜಮೀನು 2019ರ ಫೆಬ್ರವರಿ 1ಕ್ಕೆ ಯಾರ ಹೆಸರಲ್ಲಿತ್ತು ಅಂತ ನೋಡುತ್ತಾರೆ. ಆಮೇಲೆ ಕೊಂಡುಕೊಂಡವರಿಗೆ ತೊಂದರೆ. ಮಾಲೀಕರು ತೀರಿಹೋಗಿ ವಾರಸುದಾರರಿಗೆ ಬಂದ ಜಮೀನಿಗೆ ಮಾತ್ರ ವಿನಾಯಿತಿ ಇದೆ. ನಿಮ್ಮದು ಅದೇ.

ಹಾಗಾಗಿ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದ ಅಪ್ಪನ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದುಕೊಂಡು ನಾಡಕಚೇರಿಗೆ ಹೋಗಿ. ಅಮ್ಮ ಇದ್ದರೆ ಅವರ ಹೆಸರು, ಅಕ್ಕ ತಂಗಿಯರಿದ್ದರೆ ಅವರ ಹೆಸರೂ ವಂಶವೃಕ್ಷದಲ್ಲಿ ಇರಲೇಬೇಕು. ‘ಮದುವೆ ಆಗಿ ಹೋಗಿದ್ದಾಳಲ್ಲ’ ಅಂತ ಬಿಟ್ಟರೆ ನಾಳೆ ತಕರಾರು ಬರುತ್ತೆ, ಖಾತೆ ಅಲ್ಲೇ ನಿಲ್ಲುತ್ತೆ. ಭಾಗ ಆಗಿಲ್ಲ ಅಂದರೆ ಜಂಟಿ ಖಾತೆ ಆಗಲಿ, ಪರವಾಗಿಲ್ಲ. ಒಂದೇ ಪಹಣಿಯಲ್ಲಿ ಹಲವು ಕುಟುಂಬದವರ ಹೆಸರಿದ್ದರೂ ಅರ್ಹತೆ ಇರುವ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 6,000 ಸಿಗುತ್ತೆ. ಇಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ವಯಸ್ಸಿಗೆ ಬರದ ಮಕ್ಕಳು. ನಿಮ್ಮ ತಮ್ಮ ಆದಾಯ ತೆರಿಗೆ ಕಟ್ಟುವುದರಿಂದ ಅವನಿಗೆ ಬರಲ್ಲ. ಅವನ ಟ್ಯಾಕ್ಸ್ ನಿಮ್ಮ ಕಂತಿಗೆ ಅಡ್ಡ ಬರಲ್ಲ.

ಪಹಣಿ ತಿದ್ದುಪಡಿ ಆದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ರೈತರ ವಿವರ ದಾಖಲಿಸುವ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನಿಮ್ಮ ಹೆಸರಿಗೆ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ, ಸರ್ವೆ ನಂಬರ್ ಸೇರಿದೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ ಪಿಎಂ ಕಿಸಾನ್‌ಗೆ ಹೊಸದಾಗಿ ನೋಂದಣಿ, ಇ-ಕೆವೈಸಿ.

ಜನ ಎಡವುವುದು ಬ್ಯಾಂಕಿನ ವಿಷಯದಲ್ಲಿ. ದುಡ್ಡು ಹೋಗುವುದು ನೀವು ಬರೆದುಕೊಟ್ಟ ಪಾಸ್‌ಬುಕ್ಕಿಗೇ ಅಂತ ಇಲ್ಲ. ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರುವ ವ್ಯವಸ್ಥೆಗೆ) ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಸಿಮ್ ತಗೊಳ್ಳುವಾಗ ಅಂಗಡಿಯವನು ಸುಮ್ನೆ ತೆರೆದುಕೊಟ್ಟ ಖಾತೆಯಲ್ಲಿ ಎಷ್ಟೋ ಜನರ ಕಂತು ಬಿದ್ದಿರುತ್ತೆ, ಅವರಿಗೇ ಗೊತ್ತಿರಲ್ಲ.

ಇಷ್ಟೆಲ್ಲಾ ಓಡಾಟ 2,000 ರೂಪಾಯಿಯ ಒಂದು ಕಂತಿಗಾ ಅಂತ ಅನ್ನಿಸಬಹುದು. ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ ತಂದರೆ ಅದು ಮುಗಿಯಿತು. ರಾಜ್ಯ ಸರ್ಕಾರ ಮೇಲೆ ಸೇರಿಸುತ್ತಿದ್ದ 4,000 ಕೂಡ 2023ರಲ್ಲಿ ನಿಂತಿದೆ. ಆದರೆ ಪಹಣಿ ಅಪ್ಪನ ಹೆಸರಲ್ಲೇ ಇದ್ದರೆ ಬೆಳೆ ಸಾಲ, ಬೆಳೆ ವಿಮೆ, ಬರ ಬಂದಾಗಿನ ಪರಿಹಾರ ಎಲ್ಲಕ್ಕೂ ಪರದಾಟ ತಪ್ಪಲ್ಲ. ಕಂತಿಗಿಂತ ಅದರ ನಷ್ಟವೇ ಜಾಸ್ತಿ.

ಇನ್ನು ಆ ಎರಡು ಕಂತು. ಅಪ್ಪನ ಎಟಿಎಂ ಕಾರ್ಡ್ ನಿಮ್ಮ ಕೈಯಲ್ಲಿದ್ದರೂ ತೆಗೆಯಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ಮರಣದ ವಿಷಯ ಬರೆದುಕೊಟ್ಟು, ಆ ಹಣ ವಾಪಸ್ ಕಟ್ಟುವುದು ಹೇಗೆ ಅಂತ ಕೇಳಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.