ನನ್ನ ಕೈಗೆ ಗೊತ್ತಿತ್ತು, ಪುಸ್ತಕಕ್ಕೆ ಗೊತ್ತಿರಲಿಲ್ಲ

ಪ್ರಶ್ನೆ: ಮೇಡಂ, ನಮ್ಮದು ನಾಲ್ಕೇ ಜನರ ಸಾಫ್ಟ್‌ವೇರ್ ತಂಡ. ಆರು ತಿಂಗಳಿಂದ ಅಜೈಲ್ ಪದ್ಧತಿಯಲ್ಲಿ, ಅಂದರೆ ಸಣ್ಣ ಸಣ್ಣ ಸುತ್ತುಗಳಲ್ಲಿ, ಕೆಲಸ ಮಾಡುತ್ತಿದ್ದೇವೆ. ಎರಡು ವಾರಕ್ಕೊಂದು ಸ್ಪ್ರಿಂಟ್ (ಕೆಲಸದ ಒಂದು ಸುತ್ತು), ಯಾವ ಕೆಲಸ ಎಲ್ಲಿಗೆ ಬಂತು ಅಂತ ಚೀಟಿಗಳಲ್ಲಿ ತೋರಿಸುವ ಹನ್ನೊಂದು ಕಾಲಂಗಳ ಬೋರ್ಡ್, ಎಲ್ಲ ಇದೆ. ಆದರೂ ರಿಲೀಸ್ ದಿನ ಬಂತೆಂದರೆ ಎದೆ ಡವಡವ. ಕೋಡನ್ನು ಸರ್ವರ್‌ಗೆ ಹಾಕುವುದು ಒಬ್ಬರಿಗೆ ಮಾತ್ರ ಗೊತ್ತು. ಕೋಡ್ ಬರೆಯುವುದನ್ನೂ ಸರ್ವರ್ ನೋಡಿಕೊಳ್ಳುವುದನ್ನೂ ಒಟ್ಟಿಗೆ ತರುವ ಡೆವ್‌ಆಪ್ಸ್ ಶುರು ಮಾಡಬೇಕು ಅಂದರೆ ಮೊದಲು ಕುಬರ್ನೆಟೀಸ್ ಕಲಿಯಬೇಕಾ?

ಉತ್ತರ: ಬೇಡ. ಕುಬರ್ನೆಟೀಸ್ 2014ರಲ್ಲಿ ಗೂಗಲ್ ಹೊರಬಿಟ್ಟ ಸಾಧನ. ರಾಶಿ ಕಂಟೇನರ್‌ಗಳನ್ನು (ಬೇಕಾದ್ದನ್ನೆಲ್ಲ ಜೊತೆಗೇ ಕಟ್ಟಿಕೊಂಡ ಪ್ರೋಗ್ರಾಂ ಪೊಟ್ಟಣಗಳನ್ನು) ಹತ್ತಾರು ಯಂತ್ರಗಳ ಮೇಲೆ ಓಡಿಸುವವರ ತಲೆನೋವಿಗೆ ಅದು ಮದ್ದು. ನಿಮಗೆ ಇನ್ನೂ ಆ ತಲೆನೋವು ಬಂದಿಲ್ಲ. ಈಗಲೇ ತಂದರೆ ಅದನ್ನು ನೋಡಿಕೊಳ್ಳೋದಕ್ಕೇ ಒಬ್ಬರು ಬೇಕು. ಆಮೇಲೆ ಕೆಲಸಕ್ಕೆ ಉಳಿಯುವುದು ಮೂವರು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ‘ಒಬ್ಬರಿಗೆ ಮಾತ್ರ ಗೊತ್ತು’ ಅನ್ನುವಲ್ಲಿ. ಒಂದು ಕಾಲಕ್ಕೆ ನಮ್ಮ ತಂಡದಲ್ಲಿ ಆ ಒಬ್ಬಳು ನಾನೇ. ಒಂದು ನೋಟ್‌ಬುಕ್‌ನಲ್ಲಿ ಹದಿನಾಲ್ಕು ಹೆಜ್ಜೆ ಬರೆದಿಟ್ಟುಕೊಂಡಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಅನ್ನಿ. ಒಮ್ಮೆ ಜ್ವರ ಬಂದು ಮಲಗಿದ್ದೆ. ಸಹೋದ್ಯೋಗಿ ಪುಸ್ತಕ ಹಿಡಿದು ರಿಲೀಸ್‌ಗೆ ಕೂತ. ಸ್ವಲ್ಪ ಹೊತ್ತಿಗೆ ಫೋನ್: ‘ಹದಿನಾಲ್ಕೂ ಮುಗೀತು ಮೇಡಂ, ಸೈಟ್ ಚೆನ್ನಾಗೇ ಬರ್ತಿದೆ. ಆದ್ರೆ ಒಂದು ಮೇಲ್ ಕೂಡ ಹೋಗ್ತಿಲ್ಲ.’ ಎಂಟು ಮತ್ತು ಒಂಬತ್ತನೇ ಹೆಜ್ಜೆಯ ನಡುವೆ ನಾನು ಹಿನ್ನೆಲೆಯಲ್ಲಿ ಓಡುತ್ತಾ ಮೇಲ್ ಕಳಿಸುವ ವರ್ಕರ್ ಪ್ರೋಗ್ರಾಂ ಅನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದೆ. ಅಭ್ಯಾಸಬಲದಿಂದ, ಸುಮ್ನೆ. ನನ್ನ ಕೈಗೆ ಗೊತ್ತಿತ್ತು, ಪುಸ್ತಕಕ್ಕೆ ಗೊತ್ತಿರಲಿಲ್ಲ. ಅವತ್ತು ವರ್ಕರ್ ಹಳೇ ಕೋಡನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು, ಡೇಟಾಬೇಸ್‌ನ ಹೊಸ ಟೇಬಲ್ ಅರ್ಥವಾಗದೆ ಪ್ರತಿ ಮೇಲ್‌ಗೂ ಎರರ್ ಕೊಡುತ್ತಾ ಕೂತಿತ್ತು.

ನಮಗೆ ಹೋಗಿದ್ದು ಒಂದು ಮಧ್ಯಾಹ್ನ, ಅಷ್ಟೇ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ಗೆ ಹೋಗಿದ್ದು ಕಂಪನಿಯೇ. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು, ಒಂದು ಬಿಟ್ಟುಹೋಯಿತು. 2012ರ ಆಗಸ್ಟ್ 1ರಂದು ಆ ಒಂದರಲ್ಲಿ ಹಳೇ ಕೋಡ್ ಎದ್ದು ಕೂತು ಸುಮಾರು 45 ನಿಮಿಷ ಬೇಡದ ಆರ್ಡರ್‌ಗಳನ್ನು ಕಳಿಸುತ್ತಲೇ ಇತ್ತು. ನಷ್ಟ 44 ಕೋಟಿ ಡಾಲರ್‌ಗೂ ಜಾಸ್ತಿ. ಮುಂದಿನ ವರ್ಷ ಆ ಕಂಪನಿ ಇನ್ನೊಂದರ ಜೊತೆ ಸೇರಿಹೋಯಿತು.

ಹಾಗಾಗಿ ಈ ವಾರ ಒಂದೇ ಕೆಲಸ ಮಾಡಿ. ಗೊತ್ತಿರುವ ಆ ಒಬ್ಬರ ಹೆಜ್ಜೆಗಳನ್ನೆಲ್ಲ ಒಂದು ಸ್ಕ್ರಿಪ್ಟ್‌ಗೆ, ಅಂದರೆ ಅವನ್ನು ತಾನೇ ಒಂದೊಂದಾಗಿ ನಡೆಸುವ ಸಣ್ಣ ಪ್ರೋಗ್ರಾಂಗೆ, ಇಳಿಸಿ. ಸ್ಕ್ರಿಪ್ಟ್ ಕೂಡ ಕೋಡ್ ಜೊತೆಗೆ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲೇ ಇರಲಿ. ಯಾವುದೋ ಒಂದು ಹೆಜ್ಜೆಯನ್ನು ಕೈಯಲ್ಲೇ ಮಾಡಬೇಕು ಅಂದರೆ, ಅಲ್ಲಿ ಸ್ಕ್ರಿಪ್ಟ್ ನಿಂತು ‘ಇದನ್ನು ಮಾಡಿದಿರಾ?’ ಅಂತ ಕೇಳಲಿ. ಮುಂದಿನ ರಿಲೀಸನ್ನು ಬೇರೆಯವರು ಮಾಡಲಿ, ಗೊತ್ತಿರುವವರು ಪಕ್ಕದಲ್ಲಿ ಕೈಕಟ್ಟಿ ಕೂರಲಿ. ಅವರು ತಡೆಯಲಾರದೆ ಬಾಯಿ ಬಿಟ್ಟ ಕಡೆಯೆಲ್ಲ ಸ್ಕ್ರಿಪ್ಟ್‌ನಲ್ಲಿ ಏನೋ ಬಿಟ್ಟುಹೋಗಿದೆ ಅಂತಲೇ ಲೆಕ್ಕ.

ಆಮೇಲೆ ಟೆಸ್ಟ್. ನೂರು ಬರೆಯಲು ಹೋಗಬೇಡಿ, ಲಾಗಿನ್ ಆಗುತ್ತದಾ ಅನ್ನುವ ಒಂದು ಸಾಕು. ಕೋಡ್ ಪುಶ್ ಆದಾಗಲೆಲ್ಲ, ಅಂದರೆ ತಂಡದ ಗಿಟ್‌ಗೆ ಸೇರಿದಾಗಲೆಲ್ಲ, ಅದು ತಾನಾಗಿ ಓಡಲಿ.

ಹಿಂದಿನ ಆವೃತ್ತಿಗೆ ಮರಳುವುದೂ ಒಂದೇ ಕಮಾಂಡ್‌ನಲ್ಲಿ ಆಗಬೇಕು. ಇಲ್ಲಿ ಕಾಲು ಜಾರಿಸುವುದು ಡೇಟಾಬೇಸ್. ಹೊಸ ಕೋಡ್ ಜೊತೆಗೇ ಟೇಬಲ್‌ನ ಹಳೇ ಕಾಲಂ ಅಳಿಸಿದರೆ, ಹಳೇ ಕೋಡ್‌ಗೆ ವಾಪಸ್ ಹೋದಾಗ ಅದಕ್ಕೆ ಬೇಕಾದ ಕಾಲಂ ಅಲ್ಲಿರುವುದಿಲ್ಲ. ಮೊದಲ ರಿಲೀಸ್‌ನಲ್ಲಿ ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆಯಿರಿ. ಹಳೇ ಸಾಲುಗಳನ್ನೂ ಹೊಸದಕ್ಕೆ ತುಂಬಿಸಿ. ಓದುವುದನ್ನು ಹೊಸದಕ್ಕೆ ತಿರುಗಿಸಿ ಒಂದೆರಡು ವಾರ ನೋಡಿ, ಹಳೆಯದನ್ನು ಆಮೇಲೆ ತೆಗೆಯಿರಿ. ನಿಧಾನ ಅನ್ನಿಸುತ್ತದೆ, ಆದರೆ ಹಳೆಯದನ್ನು ತೆಗೆಯುವವರೆಗೆ ಯಾವ ಹಂತದಲ್ಲೂ ಹಿಂದೆ ಸರಿಯಬಹುದು.

ಇಷ್ಟಾದ ಮೇಲೆ ಎರಡು ವಾರದ ಕೆಲಸವನ್ನು ಗಂಟು ಕಟ್ಟಿ ಒಟ್ಟಿಗೆ ಬಿಡಬೇಡಿ. ಮುಗಿದದ್ದನ್ನು ಮುಗಿದ ದಿನವೇ ಬಿಡಿ. 2009ರಲ್ಲಿ ಫೋಟೊ ಹಂಚುವ ತಾಣ ಫ್ಲಿಕರ್‌ನ ಇಬ್ಬರು ವೇದಿಕೆ ಮೇಲೆ ನಿಂತು ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸಲ ರಿಲೀಸ್ ಮಾಡುತ್ತೇವೆ ಅಂದಾಗ ಕೇಳಿದವರು ಬೆರಗಾದರು. ಅದೇ ವರ್ಷ ಬೆಲ್ಜಿಯಂನ ಘೆಂಟ್‌ನಲ್ಲಿ ಪ್ಯಾಟ್ರಿಕ್ ಡೆಬೋಯ್ ಮೊದಲ ಡೆವ್‌ಆಪ್ಸ್‌ಡೇಸ್ ಸಮಾವೇಶ ನಡೆಸಿದರು. ಕೋಡ್ ಬರೆಯುವವರು, ಸರ್ವರ್ ನೋಡುವವರು, ಇವರ ನಡುವಿನ ಗೋಡೆ ಒಡೆಯಬೇಕು ಅನ್ನುವುದು ಅವರ ಮಾತು. ನಾಲ್ಕು ಜನರಲ್ಲಿ ಗೋಡೆ ಎಲ್ಲಿಂದ ಬರಬೇಕು ಅಂತೀರಾ? ಎಲ್ಲ ಗೊತ್ತಿರುವ ಆ ಒಬ್ಬರೇ ಗೋಡೆ. ಪಾಪ, ಅವರಿಗೂ ರಜೆ ಬೇಕು.

ಬೋರ್ಡ್ ವಿಷಯ ಮರೆತೆ. ನಾಲ್ಕು ಜನಕ್ಕೆ ಹನ್ನೊಂದು ಕಾಲಂ ಯಾಕೆ? ಮಾಡಬೇಕಾದ್ದು, ಮಾಡುತ್ತಿರುವುದು, ಬಳಕೆದಾರರ ಕೈ ಸೇರಿದ್ದು, ಮೂರು ಸಾಕು. ನಡುವಿನದರಲ್ಲಿ ನಾಲ್ಕಕ್ಕಿಂತ ಹೆಚ್ಚು ಚೀಟಿ ಇರಬಾರದು.

ಪ್ರಶ್ನೆ: ನಮ್ಮ ಸ್ಟ್ಯಾಂಡ್‌ಅಪ್, ಅಂದರೆ ತಂಡದ ದಿನನಿತ್ಯದ ಸಭೆ, ಮುಕ್ಕಾಲು ಗಂಟೆ ನಡೆಯುತ್ತದೆ. ನಿಲ್ಲಿಸಿದರೆ ಅಜೈಲ್ ಅಲ್ಲ ಅನ್ನುತ್ತಾರೆ. ನಿಜವಾ?

ಉತ್ತರ: 2001ರಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯಲ್ಲಿ ಸ್ಟ್ಯಾಂಡ್‌ಅಪ್ ಅನ್ನುವ ಪದವೇ ಇಲ್ಲ. ಸ್ಪ್ರಿಂಟ್ ಕೂಡ ಇಲ್ಲ. ಅಜೈಲ್‌ನಲ್ಲೇ ಒಂದು ಬಗೆಯಾದ ಸ್ಕ್ರಮ್‌ನವರು ಹೇಳುವುದು 15 ನಿಮಿಷ. ‘ನಿನ್ನೆ ಏನು ಮಾಡಿದೆ’ ಅಂತ ಪ್ರತಿಯೊಬ್ಬರೂ ವರದಿ ಒಪ್ಪಿಸುವುದನ್ನು ಬಿಡಿ. ಬೋರ್ಡ್‌ನಲ್ಲಿ ಜಾಸ್ತಿ ದಿನದಿಂದ ಅಲುಗಾಡದ ಚೀಟಿ ಯಾವುದೋ ಅದರಿಂದ ಮಾತು ಶುರು ಮಾಡಿ. ಇಬ್ಬರಿಗೆ ಸಂಬಂಧಿಸಿದ ಚರ್ಚೆಗೆ ಉಳಿದಿಬ್ಬರನ್ನು ಬಿಟ್ಟುಕಳಿಸಿ.

ಪ್ರಶ್ನೆ: ದಿನಾ ರಾತ್ರಿ ತಾನಾಗಿ ಬ್ಯಾಕಪ್ ಆಗುತ್ತದೆ. ನಿಶ್ಚಿಂತೆಯಿಂದ ಇರಬಹುದಲ್ವಾ?

ಉತ್ತರ: ವಾಪಸ್ ತಂದು ನೋಡಿದ್ದೀರಾ? 2017ರ ಜನವರಿ 31ರಂದು ಜನರ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಫೈಲ್‌ಗಳೇ ಇಲ್ಲ. ಕೆಲಸ ಕೆಡುತ್ತಿದೆ ಅಂತ ಬರಬೇಕಿದ್ದ ಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ಅಂತ ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಅದನ್ನೆಲ್ಲ ಮುಚ್ಚಿಡದೆ ಜಗತ್ತಿಗೇ ಹೇಳಿದರು, ಅದಕ್ಕೆ ನನಗೆ ಅವರ ಮೇಲೆ ಗೌರವ.

ತಿಂಗಳಿಗೊಮ್ಮೆ ಖಾಲಿ ಯಂತ್ರವೊಂದಕ್ಕೆ ನಿಮ್ಮ ಬ್ಯಾಕಪ್ ತುಂಬಿಸಿ, ಲಾಗಿನ್ ಆಗಿ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ನಾವು ಮೊದಲ ಸಲ ಮಾಡಿದಾಗ, ಬ್ಯಾಕಪ್ ಫೈಲ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಪತ್ತೆ ಮಾಡುವುದಕ್ಕೇ ಎರಡು ಗಂಟೆ ಹೋಯಿತು.